ಐದು ತಾಸಿನ ಅಲೆಕ್ಸಾಂಡ್ರಿಯಾ, ಅರ್ಧ ತಾಸಿನ ಕಿತ್ತೂರು

ಉಮ್ರಾ ಮುಗಿಸಿ ಹಾಗೆಯೇ ಈಜಿಪ್ಟನ್ನೂ ನೋಡಿ ಬರುವ ಪ್ರವಾಸಗಳು ಈಗ ನಮ್ಮ ಕಿತ್ತೂರು, ಬೈಲಹೊಂಗಲ ಸೀಮೆಯ ಮನೆಗಳನ್ನೂ ತಲುಪಿವೆ. ಕೈರೋದಲ್ಲಿ ಎರಡು ಮೂರು ದಿನ, ಅದರಲ್ಲೇ ಒಂದು ದಿನ ಅಲೆಕ್ಸಾಂಡ್ರಿಯಾ. ಹೋಗಲು ಮೂರು ತಾಸು, ಬರಲು ಮೂರು ತಾಸು. ನಡುವೆ ಉಳಿಯುವ ಐದು ತಾಸಿನಲ್ಲಿ ಎರಡು ಸಾವಿರದ ಮುನ್ನೂರು ವರ್ಷಗಳ ಬಂದರು ನಗರವನ್ನು ನೋಡಿ ಮುಗಿಸಬೇಕು!

ಹೀಗೆ ಹೋಗಿಬಂದ ಹಿರಿಯರೊಬ್ಬರನ್ನು ನಾವು ಕೇಳಿದೆವು: "ಏನೇನು ನೋಡಿದ್ರಿ ಚಾಚಾ?"

"ಸಮುದ್ರ ನೋಡಿದ್ವಿ, ಕೋಟಿ ನೋಡಿದ್ವಿ, ದೊಡ್ಡದೊಂದು ಕಂಬ ನೋಡಿದ್ವಿ. ಹಿಂದ ಅಲ್ಲಿ ಭಾರಿ ಗ್ರಂಥಾಲಯ ಇತ್ತಂತ. ನಮ್ಮೋರ ಸುಟ್ಟರಂತ. ಗೈಡ್ ಹೇಳಿದ."

ಆ ಕೊನೆಯ ಮಾತು ನಮ್ಮನ್ನು ಚುಚ್ಚಿತು. ಸಾಲ ಸೋಲ ಮಾಡಿ ಅಷ್ಟು ದೂರ ಹೋದ ಮನುಷ್ಯ ತನ್ನದೇ ಸಮುದಾಯದ ಮೇಲಿನ ಹಳೆಯ ಅಪವಾದವನ್ನು ಹೊತ್ತು ತಂದಿದ್ದಾರೆ. ತಂದದ್ದು ಅಪವಾದವೆಂದೂ ಅವರಿಗೆ ಗೊತ್ತಿಲ್ಲ.

ಕಥೆ ಹೀಗಿದೆ. ಕ್ರಿ.ಶ. 642ರಲ್ಲಿ ನಗರ ಅರಬರ ವಶವಾದಾಗ ಸೇನಾನಿ ಅಮ್ರ್ ಇಬ್ನುಲ್ ಆಸ್ ಅವರು ಗ್ರಂಥಗಳನ್ನು ಏನು ಮಾಡಬೇಕೆಂದು ಖಲೀಫ ಉಮರ್ ಅವರನ್ನು ಕೇಳಿದರಂತೆ. ಸುಟ್ಟುಬಿಡಿ ಎಂಬ ಉತ್ತರ ಬಂತಂತೆ. ನಗರದ ನಾಲ್ಕು ಸಾವಿರ ಸ್ನಾನಗೃಹಗಳಲ್ಲಿ ಆರು ತಿಂಗಳು ಆ ಗ್ರಂಥಗಳಿಂದಲೇ ನೀರು ಕಾಯಿಸಿದರಂತೆ. ಈ ಕಥೆ ಮೊದಲು ಬರಹದಲ್ಲಿ ಕಾಣಿಸುವುದು 13ನೇ ಶತಮಾನದಲ್ಲಿ, ಅಂದರೆ ಘಟನೆ ನಡೆಯಿತೆನ್ನುವ ಕಾಲದಿಂದ ಸುಮಾರು ಆರುನೂರು ವರ್ಷಗಳ ನಂತರ. ಅದನ್ನು ಮೊದಲು ಬರೆದವರು ಮುಸ್ಲಿಮ್ ಲೇಖಕರೇ ಎಂಬುದನ್ನೂ ನಾವು ಮುಚ್ಚಿಡಬೇಕಿಲ್ಲ. ಆದರೆ ಇಸ್ಲಾಮಿನ ವಕಾಲತ್ತು ವಹಿಸದ ಗಿಬ್ಬನ್ 18ನೇ ಶತಮಾನದಲ್ಲೇ ಇದನ್ನು ನಂಬಲಿಲ್ಲ. ಅರಬರ ಈಜಿಪ್ಟ್ ವಿಜಯದ ಇತಿಹಾಸವನ್ನು 1902ರಲ್ಲಿ ಬರೆದ ಆಲ್ಫ್ರೆಡ್ ಬಟ್ಲರ್ ಕೂಡ ಇದನ್ನು ತಳ್ಳಿಹಾಕಿದರು.

ಇನ್ನೂ ಸೋಜಿಗದ ಸಂಗತಿಯೆಂದರೆ, ನಮ್ಮ ಚಾಚಾ ಫೋಟೋ ತೆಗೆಸಿಕೊಂಡ ಆ ದೊಡ್ಡ ಕಂಬ ಇರುವ ಜಾಗವೇ ಈ ಕಥೆಗೆ ಎದುರು ಸಾಕ್ಷಿ. ಅದನ್ನು ಪಾಂಪಿಯ ಕಂಬ ಎನ್ನುತ್ತಾರೆ. ಹೆಸರೇ ತಪ್ಪು. ಅದು ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಗೌರವಾರ್ಥ ನಿಲ್ಲಿಸಿದ್ದು. ಅಲ್ಲಿದ್ದ ಸೆರಾಪಿಯಂ ದೇವಾಲಯದಲ್ಲಿ ಮಹಾ ಗ್ರಂಥಾಲಯದ ಒಂದು ಶಾಖೆ ಇತ್ತು. ಆ ದೇವಾಲಯ 391ರ ಸುಮಾರಿಗೇ ನಾಶವಾಯಿತು. ಆಗಿನ್ನೂ ಪ್ರವಾದಿವರ್ಯರ(ಸ) ಜನನವೇ ಆಗಿರಲಿಲ್ಲ. ಅದಕ್ಕೂ ಮೊದಲು, ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರನ ಯುದ್ಧದಲ್ಲಿ ಬಂದರಿನಲ್ಲಿ ಬಿದ್ದ ಬೆಂಕಿಗೆ ಬಹಳಷ್ಟು ಗ್ರಂಥಗಳು ಆಹುತಿಯಾದವೆಂದು ಹಳೆಯ ಇತಿಹಾಸಕಾರರೇ ಬರೆದಿದ್ದಾರೆ. ಇದನ್ನು ಹೇಳುವುದು ಇನ್ನೊಂದು ಧರ್ಮದವರ ತಲೆಗೆ ಹೊರೆ ದಾಟಿಸಲಿಕ್ಕಲ್ಲ. ತಪ್ಪು ಹೆಸರಿನ ಕಂಬದ ಕೆಳಗೆ ನಿಂತು ತಪ್ಪು ಕಥೆ ಕೇಳಿ ತಲೆಯಾಡಿಸಿ ಬಂದೆವಲ್ಲ ಎಂಬುದಷ್ಟೇ ನಮ್ಮ ನೋವು.

ಇನ್ನು ಅವರು ನೋಡಿದ ಕೋಟೆ. ಜಗತ್ತಿನ ಏಳು ಅದ್ಭುತಗಳಲ್ಲೊಂದಾದ ದೀಪಸ್ತಂಭ ನಿಂತಿದ್ದ ಜಾಗದಲ್ಲಿ, ಭೂಕಂಪಕ್ಕೆ ಅದು ಉರುಳಿದ ಮೇಲೆ, ಮಮ್ಲೂಕ್ ಸುಲ್ತಾನ ಖಾಯಿತ್‌ಬೇ 1477ರ ಸುಮಾರಿಗೆ ಕಟ್ಟಿಸಿದ ಕೋಟೆಯದು. 1882ರ ಜುಲೈ 11ರಂದು ಬ್ರಿಟಿಷ್ ಯುದ್ಧನೌಕೆಗಳು ಈ ಕೋಟೆಯ ಮೇಲೂ ನಗರದ ಮೇಲೂ ಗುಂಡಿನ ಮಳೆಗರೆದವು. ವಿದೇಶಿ ಹಿಡಿತದ ವಿರುದ್ಧ ಎದ್ದು ನಿಂತಿದ್ದ ಅಹ್ಮದ್ ಉರಾಬಿಯನ್ನು ಸೋಲಿಸಿ ಸಿಂಹಳಕ್ಕೆ ಗಡೀಪಾರು ಮಾಡಿದರು. ಆ ಯುದ್ಧಕ್ಕೆ ಭಾರತದಿಂದಲೂ ಸಿಪಾಯಿಗಳನ್ನು ಒಯ್ದಿದ್ದರು.

ಈ ಕಥೆ ಕಿತ್ತೂರಿನವರಿಗೆ ಎಲ್ಲೋ ಕೇಳಿದಂತೆ ಅನ್ನಿಸಬೇಡವೆ? 1824ರಲ್ಲಿ ಇಲ್ಲಿ ದತ್ತಕದ ನೆಪ, ಅಲ್ಲಿ ಕೋಟೆ ಬಲಪಡಿಸಿದರೆಂಬ ನೆಪ. ಅಕ್ಟೋಬರ್ 23ರಂದು ಥ್ಯಾಕರೆ ಸತ್ತ; ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಕಣ್ಣುಮುಚ್ಚಿದರು. ಉರಾಬಿಗೆ ಸಿಂಹಳ, ಚೆನ್ನಮ್ಮನಿಗೆ ಬೈಲಹೊಂಗಲ.

ಹತ್ತಿಯ ಕಥೆಯೂ ಹಾಗೆಯೇ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಲ್ಯಾಂಕಾಶೈರಿನ ಗಿರಣಿಗಳು ನೈಲ್ ನದಿಯ ಹೊಲಗಳ ಕಡೆಗೂ ನಮ್ಮ ಎರೆಹೊಲಗಳ ಕಡೆಗೂ ಕೈಚಾಚಿದವು. ಅಲ್ಲಿನ ಹತ್ತಿ ಅಲೆಕ್ಸಾಂಡ್ರಿಯಾದಿಂದ ಹಡಗು ಹತ್ತಿತು. ನಮ್ಮ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರಗಳಿಂದ ಹೊರಟಿತು. ಹೊರಗಿನ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಆ ವ್ಯಾಪಾರಕ್ಕೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಈಜಿಪ್ಟ್ ಸಾಲದಲ್ಲಿ ಮುಳುಗಿ 1876ರಲ್ಲಿ ದಿವಾಳಿಯಾಯಿತು. ಸಾಲ ಕೊಟ್ಟವರ ಹಿಂದೆಯೇ ಹಡಗುಗಳು ಬಂದವು. ಹತ್ತಿ ಬೆಳೆಯುವ ಸೀಮೆಯಿಂದ ಹೋದವರಿಗೆ ಆ ಕಡಲತೀರದ ಹಳೆಯ ಮಹಲುಗಳನ್ನು ಕಂಡಾಗ ಇವು ಯಾರ ಬೆವರು ಎಂದು ಕೇಳಬೇಕೆನಿಸಲಿಲ್ಲವೆ?

ಗೈಡನ್ನು ಮಾತ್ರ ದೂರಿ ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ಅವನದು ಹೊಟ್ಟೆಪಾಡು, ಕೇಳುವವರು ಏನು ಬಯಸುತ್ತಾರೋ ಅದನ್ನೇ ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಭಕ್ತಿಯಿಂದ ಓದುವ ಖಸೀದಾ ಬುರ್ದಾದ ಕವಿ ಇಮಾಮ್ ಬೂಸೀರಿಯವರ ಸಮಾಧಿ ಆ ಕೋಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಚಾಚಾನಿಗೆ ಅದು ಗೊತ್ತೇ ಇರಲಿಲ್ಲ. ಜೊತೆಗೆ ಹೋದ ಹಿರಿಯರು ಹೇಳಲಿಲ್ಲವೆ? ಹೊರಡುವ ಮುನ್ನ ಸಾಮಾನಿನ ತೂಕದ ಬಗ್ಗೆ ಹತ್ತು ಸಲ ವಿಚಾರಿಸುವ ನಾವು ಹೋಗುವ ಊರಿನ ಬಗ್ಗೆ ಹತ್ತು ಪುಟ ಓದುವುದಿಲ್ಲ. ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಗತಿ ಏನಾಯಿತೆಂದು ನೋಡಿ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ನೋಡುವುದೆಂದರೆ ಮೊಬೈಲಿನಲ್ಲಿ ತುಂಬಿಕೊಳ್ಳುವುದೆ?

ಈ ರೋಗ ದೂರದೇಶಕ್ಕೆ ಹೋದವರದಷ್ಟೇ ಅಲ್ಲ. ಹೆದ್ದಾರಿಯಲ್ಲಿ ಹೋಗುವ ಶಾಲಾ ಪ್ರವಾಸದ ಬಸ್ಸುಗಳು ಕಿತ್ತೂರ ಕೋಟೆಗೆ ಕೊಡುವುದು ಅರ್ಧ ತಾಸು. ಚೆನ್ನಮ್ಮ ಸೆರೆಹಿಡಿದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಜೀವಸಹಿತ ಮರಳಿದರೆಂದೂ, ಅದೇ ಎಲಿಯಟ್ ಮುಂದೆ ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿದನೆಂದೂ ಎಷ್ಟು ಮಕ್ಕಳು ಕೇಳಿಸಿಕೊಂಡು ಹೋಗುತ್ತಾರೆ? ಕಿತ್ತೂರಿನ ಮಲ್ಲಸರ್ಜನನ್ನು ಟಿಪ್ಪು ಸೆರೆಯಲ್ಲಿಟ್ಟದ್ದು ನಿಜ. ಅದನ್ನು ಹೇಳಲು ನಾವು ಅಂಜಬಾರದು. ಉಮರ್ ಅವರ ಬಗ್ಗೆ ಸತ್ಯ ಬೇಕೆನ್ನುವವರು ಟಿಪ್ಪುವಿನ ಬಗ್ಗೆಯೂ ಸತ್ಯವನ್ನೇ ಬಯಸಬೇಕು. ಅರ್ಧ ತಾಸಿನ ಇತಿಹಾಸದಲ್ಲಿ ಒಬ್ಬ ದೇವರಾಗುತ್ತಾನೆ, ಇನ್ನೊಬ್ಬ ರಾಕ್ಷಸನಾಗುತ್ತಾನೆ. ಜಗಳ ಹಚ್ಚುವವರಿಗೆ ಬೇಕಾಗಿರುವುದೂ ಅಷ್ಟೇ.

ಪ್ರವಾಸ ಬೇಡವೆಂದು ನಾವು ಹೇಳುತ್ತಿಲ್ಲ. ಹೋಗಿ, ಖಂಡಿತ ಹೋಗಿ. ಆದರೆ ಕೇಳಲು ಒಂದು ಪ್ರಶ್ನೆಯನ್ನಾದರೂ ಕಟ್ಟಿಕೊಂಡು ಹೋಗಿ. "ಹೌದಾ? ಎಲ್ಲಿ ಬರೆದೈತಿ?" ಎಂದು ಚಾಚಾ ಅಂದು ಕೇಳಿದ್ದರೆ ಸಾಕಿತ್ತು, ಆ ಸುಳ್ಳು ಬೈಲಹೊಂಗಲದ ತನಕ ಬರುತ್ತಿರಲಿಲ್ಲ.