ಸ್ಕೂಟರ್ ಚೆಂದ, ಪ್ಲಗ್ ಎಲ್ಲಿ?

ಮಾರ್ಕೆಟಿಂಗ್ ಕೆಲಸದ ಸಂದರ್ಶನಕ್ಕೆ ಹೋದಲ್ಲೆಲ್ಲ ಎದುರಾಗುವ ಪ್ರಶ್ನೆ: ‘ಗಾಡಿ ಇದೆಯಾ?’ ಬಿ.ಕಾಂ. ಮುಗಿಸಿ ಬೆಂಗಳೂರಿನ ಪಿ.ಜಿ.ಯೊಂದರ ಮೂರನೇ ಮಹಡಿಯಲ್ಲಿರುವ ನಾನು ಎಲೆಕ್ಟ್ರಿಕ್ ಸ್ಕೂಟರ್‌ಗಳ ಬೆನ್ನು ಬಿದ್ದದ್ದು ಹೀಗೆ. ಶೋರೂಮ್‌ನಲ್ಲಿ ಬಣ್ಣ, ಸ್ಕ್ರೀನ್, ಒಂದು ಚಾರ್ಜ್‌ಗೆ ಎಷ್ಟು ಕಿ.ಮೀ. ಎಂಬುದನ್ನೆಲ್ಲ ಹೇಳುತ್ತಾರೆ. ‘ಚಾರ್ಜ್ ಎಲ್ಲಿ ಮಾಡ್ತೀರಿ?’ ಎಂದು ಯಾರೂ ಕೇಳುವುದಿಲ್ಲ. ಬಾಡಿಗೆ ಕೋಣೆಯಲ್ಲಿರುವವರಿಗೆ ವಿನ್ಯಾಸದ ಪ್ರಶ್ನೆ ಶುರುವಾಗುವುದೇ ಅಲ್ಲಿಂದ.

ಹೋಂಡಾ ಕಂಪನಿಯೊಂದನ್ನೇ ನೋಡಿ. ಅದು 2023ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಮೋಟೊಕಾಂಪ್ಯಾಕ್ಟೊವನ್ನು ಮಡಚಿದರೆ ಸೂಟ್‌ಕೇಸ್‌ನಂತಾಗುತ್ತದೆ. 1981ರಲ್ಲಿ ಕಾರಿನ ಡಿಕ್ಕಿಯಲ್ಲಿ ಇಡಲೆಂದೇ ಜಪಾನಿನಲ್ಲಿ ಬಂದಿದ್ದ ಪುಟ್ಟ ಪೆಟ್ರೋಲ್ ಗಾಡಿ ಮೋಟೊಕಾಂಪೊದ ಮೊಮ್ಮಗು ಇದು. ತೂಕ ಸುಮಾರು 19 ಕೆ.ಜಿ. ಹೊತ್ತುಕೊಂಡು ಮೆಟ್ಟಿಲು ಹತ್ತಿ, ಮಂಚದ ಪಕ್ಕದಲ್ಲೇ ಚಾರ್ಜ್‌ಗೆ ಹಾಕಬಹುದು. ರೀಲ್ಸ್‌ನಲ್ಲಿ ನೋಡಿದಾಗ ಆಸೆಯಾಗಿದ್ದು ನಿಜ. ಆದರೆ ಓಡುವುದು ಚಾರ್ಜ್‌ಗೆ 19 ಕಿ.ಮೀ., ವೇಗ ಗಂಟೆಗೆ 24 ಕಿ.ಮೀ. ಕ್ಯಾಂಪಸ್ ಒಳಗೆ ಓಡಾಡಲು ಸರಿ. ಆಟಿಕೆಯಂಥ ಆ ಚಕ್ರಗಳನ್ನು ನಮ್ಮ ರಸ್ತೆಗುಂಡಿಗಳ ಮೇಲೆ ಕಲ್ಪಿಸಿಕೊಳ್ಳುವುದೇ ಕಷ್ಟ.

ನಮ್ಮ ದೇಶಕ್ಕಾಗಿ ಅದೇ ಕಂಪನಿ 2024ರ ನವೆಂಬರ್‌ನಲ್ಲಿ ತೋರಿಸಿದ್ದು ಆಕ್ಟಿವಾ ಇ ಮತ್ತು ಕ್ಯೂಸಿ1. ಎರಡೂ ಕೋಲಾರ ಜಿಲ್ಲೆಯ ನರಸಾಪುರ ಕಾರ್ಖಾನೆಯವು. ಒಂದೇ ಮನೆಯ ಮಕ್ಕಳಾದರೂ ಸ್ವಭಾವ ಪೂರಾ ಬೇರೆ. ಆಕ್ಟಿವಾ ಇ ಸೀಟಿನಡಿ ತೆಗೆದುಹಾಕುವ ಎರಡು ಬ್ಯಾಟರಿಗಳಿವೆ; ಒಂದೊಂದೂ ಹತ್ತು ಕೆ.ಜಿ. ಆಸುಪಾಸು. ತೆಗೆಯಬಹುದು ಅಂದಮಾತ್ರಕ್ಕೆ ಕೋಣೆಗೆ ಒಯ್ದು ಚಾರ್ಜ್ ಮಾಡಬಹುದು ಅಂದುಕೊಳ್ಳಬೇಡಿ. ಕಂಪನಿಯ ಕೇಂದ್ರಕ್ಕೆ ಹೋಗಿ ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಪಡೆಯಬೇಕು, ಬ್ಯಾಟರಿಗೆ ತಿಂಗಳ ಬಾಡಿಗೆಯನ್ನೂ ಕಟ್ಟಬೇಕು. ಎರಡು ಬ್ಯಾಟರಿ ಕೂತ ಮೇಲೆ ಸೀಟಿನಡಿ ಬೇರೇನಕ್ಕೂ ಜಾಗವಿಲ್ಲ. ಸ್ಯಾಂಪಲ್ ಪೆಟ್ಟಿಗೆ ಹೊತ್ತು ತಿರುಗುವವನಿಗೆ ಇದು ಸಣ್ಣ ಮಾತಲ್ಲ. ಬ್ಯಾಟರಿ ಕೇಂದ್ರಗಳಿಲ್ಲದ ಊರಿಗೆ ಹಬ್ಬಕ್ಕೆ ಈ ಗಾಡಿಯಲ್ಲಿ ಹೋದರೆ, ವಾಪಸು ಬರಲು ಟೆಂಪೊ ಹುಡುಕಬೇಕಾದೀತು.

ಕ್ಯೂಸಿ1ರ ಬ್ಯಾಟರಿ ಗಾಡಿಯೊಳಗೇ ಕೂತಿರುತ್ತದೆ. 1.5 ಕಿಲೊವಾಟ್ ಅವರ್, ಕಂಪನಿಯ ಲೆಕ್ಕದಲ್ಲಿ 80 ಕಿ.ಮೀ., ಗರಿಷ್ಠ ವೇಗ 50. ಪೂರ್ತಿ ಚಾರ್ಜ್ ಆಗಲು ಹತ್ತಿರಹತ್ತಿರ ಏಳು ತಾಸು ಬೇಕು. ಸೀಟಿನಡಿ 26 ಲೀಟರ್ ಜಾಗವಿದೆ. 2025ರ ಜನವರಿಯಲ್ಲಿ ಘೋಷಿಸಿದ ಎಕ್ಸ್ ಶೋರೂಮ್ ಬೆಲೆ 90 ಸಾವಿರ. ಆಕ್ಟಿವಾ ಇ ಬೆಲೆ 1.17 ಲಕ್ಷ. ಅಗ್ಗ, ಹಗುರ, ಸಾಮಾನಿಗೂ ಅನುಕೂಲ. ಆದರೆ ರಾತ್ರಿಯಿಡೀ ನೆಲಮಹಡಿಯಲ್ಲೊಂದು ಪ್ಲಗ್ ಬೇಕು. ಸ್ವಂತ ಮನೆಯಿದ್ದವರಿಗೆ ನಾನು ಕಣ್ಣು ಮುಚ್ಚಿ ಇಂಥದ್ದನ್ನೇ ಹೇಳುತ್ತೇನೆ.

ಇನ್ನು ಲೈಸೆನ್ಸ್ ಬೇಡದ ಪುಟ್ಟ ಗಾಡಿಗಳು. ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಿದ್ದರೆ ಕಾನೂನಿನ ಕಣ್ಣಲ್ಲಿ ಅದು ಮೋಟಾರು ವಾಹನವೇ ಅಲ್ಲ. ನೋಂದಣಿಯೂ ಇಲ್ಲ, ಕಡ್ಡಾಯ ವಿಮೆಯೂ ಇಲ್ಲ. ಬೆಂಗಳೂರಿನ ಯುಲು ಬಾಡಿಗೆಗೆ ಕೊಡುವ ಗಾಡಿಗಳು ಈ ಜಾತಿಯವೇ. ‘ಲಾಕ್ ತೆಗೆದರೆ ನಲವತ್ತು ಹೋಗುತ್ತೆ’ ಎಂದು ಪಿಸುಗುಟ್ಟುವ ಮಾರಾಟಗಾರರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಮಾಡಿದ ಕ್ಷಣವೇ ಅದು ನೋಂದಣಿ ಇಲ್ಲದ ಮೋಟಾರು ವಾಹನ. ಅಪಘಾತವಾದರೆ ಪರಿಹಾರದ ಹೊರೆ ಸವಾರನ ತಲೆ ಮೇಲೆ.

ಕಳೆದ ವಾರ ಪಿ.ಜಿ. ಮಾಲೀಕರ ಬಳಿ ಹೋಗಿ, ‘ಅಂಕಲ್, ಕೆಳಗೆ ಒಂದು ಪ್ಲಗ್ ಪಾಯಿಂಟ್ ಕೊಡ್ತೀರಾ? ಸಬ್ ಮೀಟರ್ ಖರ್ಚು ನಂದೇ’ ಎಂದೆ. ಪೂರ್ತಿ ಚಾರ್ಜ್‌ಗೆ ಎರಡು ಯೂನಿಟ್ ಕೂಡ ದಾಟಲಿಕ್ಕಿಲ್ಲ ಎಂದು ಲೆಕ್ಕವನ್ನೂ ತೋರಿಸಿದೆ. ಅವರು ಚೀಟಿಯನ್ನು ಎರಡು ಸಲ ನೋಡಿ, ‘ಇನ್ನೂ ನಾಲ್ಕು ಹುಡುಗ್ರು ಗಾಡಿ ತಂದ್ರೆ?’ ಎಂದರು. ಎಲೆಕ್ಟ್ರಿಷಿಯನ್‌ನನ್ನು ಕೇಳಿ ಹೇಳುತ್ತಾರಂತೆ. ಅಲ್ಲಿಯವರೆಗೆ ನಾನು ಕ್ಯೂಸಿ1ರ ಬುಕಿಂಗ್ ಹಣ ಕಟ್ಟಿಲ್ಲ.