ತುಂಬಿದ ಕೊಡ ಬರಿದಾದಾಗ

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಗಣಕಯಂತ್ರದ ಎಣಿಕೆಗೆ ಈ ಗಾದೆ ಹೊಂದದು. ಅಲ್ಲಿ ಒಂದು ಸಂಖ್ಯೆಗೆ 32 ಬಿಟ್‌ಗಳ ಸ್ಥಳವನ್ನು ಕೊಟ್ಟರೆ ಅದು 4,29,49,67,295ರವರೆಗೆ ಏರಬಲ್ಲದು. ಮತ್ತೊಂದನ್ನು ಕೂಡಿಸಿದೊಡನೆಯೇ ಕೊಡ ಬರಿದಾಗಿ, ಎಣಿಕೆ ಸೊನ್ನೆಗೆ ಮರಳುತ್ತದೆ. ಇದನ್ನೇ ಇಂಟಿಜರ್ ಓವರ್‌ಫ್ಲೋ ಎನ್ನುವರು.

ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್ ಯಂತ್ರದ ಸಮಸ್ತ ಕಾರ್ಯಗಳನ್ನೂ ಆಳುತ್ತದೆ. ಅಲ್ಲಿಯೇ ಈ ದೋಷ ಸಂಭವಿಸಿದರೆ ಪರಿಣಾಮ ಸಾಮಾನ್ಯವಲ್ಲ. ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್ ಸಂಖ್ಯೆ 49.7 ದಿನಗಳಲ್ಲಿ ತುಂಬುತ್ತದೆ. ಅಷ್ಟು ಕಾಲ ಎಡೆಬಿಡದೆ ನಡೆದ ವಿಂಡೋಸ್ 95 ಸ್ತಬ್ಧವಾಗುವ ಸಂಭವವಿದ್ದುದು ಇದರಿಂದಲೇ. 2016ರಲ್ಲಿ ಲಿನಕ್ಸ್ ಕರ್ನೆಲ್‌ನಲ್ಲಿ ಬಯಲಾದ ದೋಷ ಇನ್ನೂ ಘೋರವಾದುದು. ಒಂದು ವಸ್ತು ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆಯನ್ನು ಬೇಕೆಂದೇ ತುಂಬಿಸಿ ಸೊನ್ನೆಗೆ ತಂದರೆ, ಬಳಕೆಯಲ್ಲಿದ್ದ ಮೆಮೊರಿಯನ್ನೇ ಕರ್ನೆಲ್ ಬಿಟ್ಟುಕೊಡುತ್ತಿತ್ತು. ಆ ಮೂಲಕ ಸಾಮಾನ್ಯ ಬಳಕೆದಾರನು ಇಡೀ ಯಂತ್ರದ ಒಡೆತನವನ್ನು ಪಡೆಯಬಹುದಾಗಿತ್ತು.

ಹಾಗಾದರೆ 64 ಬಿಟ್‌ಗಳ ದೊಡ್ಡ ಕೊಡವನ್ನಿಟ್ಟರೆ ಸಾಲದೆ ಎಂದು ವಾಚಕರು ಕೇಳಬಹುದು. ಅನೇಕ ಕಡೆ ಅದು ಯುಕ್ತವೇ ಸರಿ. ಆದರೆ ಹೊರಗಿನಿಂದ ಬಂದ ಎರಡು ದೊಡ್ಡ ಸಂಖ್ಯೆಗಳ ಗುಣಲಬ್ಧವು 64 ಬಿಟ್‌ಗಳನ್ನೂ ಮೀರಬಲ್ಲದು. ಆದುದರಿಂದ ತಿದ್ದಬೇಕಾದುದು ಕೊಡವನ್ನಷ್ಟೇ ಅಲ್ಲ, ಎಣಿಸುವ ರೀತಿಯನ್ನು. ಗಡಿಯಾರದಲ್ಲಿ ಹನ್ನೊಂದು ಗಂಟೆಯ ತರುವಾಯ ಒಂದು ಗಂಟೆ ಬಂದಾಗ, ಒಂದು ಚಿಕ್ಕ ಸಂಖ್ಯೆಯೆಂದು ನಾವು ಭ್ರಮಿಸುವುದಿಲ್ಲ. ಎರಡರ ನಡುವಣ ಅಂತರವನ್ನು ಗಮನಿಸುತ್ತೇವೆ. ಕರ್ನೆಲ್ ಕೂಡ ಕಾಲವನ್ನು ಹೀಗೆಯೇ ಅಂತರದಿಂದ ಹೋಲಿಸಬೇಕು. ಬಳಕೆಯ ಎಣಿಕೆಯಾದರೋ ತುಂಬಿದಾಗ ಅಲ್ಲಿಯೇ ನಿಲ್ಲಬೇಕು. ಲಿನಕ್ಸಿನಲ್ಲಿ ಇಂತಹ ಏರ್ಪಾಡು 2017ರಲ್ಲಿ ಬಂದಿತು.

ಇವೆಲ್ಲಕ್ಕಿಂತ ನಮಗೆ ಮೆಚ್ಚಿಕೆಯಾದ ಉಪಾಯ ಇನ್ನೊಂದುಂಟು. 32 ಬಿಟ್ ಯಂತ್ರಗಳಲ್ಲಿ ಲಿನಕ್ಸ್ ತನ್ನ ಕಾಲದ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದಿಲ್ಲ. ಯಂತ್ರ ಚಾಲನೆಗೊಂಡ ಐದೇ ನಿಮಿಷಗಳಲ್ಲಿ ತುಂಬಿಹೋಗುವಂತಹ ಸಂಖ್ಯೆಯಿಂದ ಆರಂಭಿಸುತ್ತದೆ. ವಾರಗಳ ಬಳಿಕ ಯಾವುದೋ ಆಸ್ಪತ್ರೆಯಲ್ಲಿ ತಲೆದೋರಬಹುದಾಗಿದ್ದ ತಪ್ಪು, ಅದನ್ನು ಬರೆದವನ ಮೇಜಿನ ಮೇಲೆಯೇ ತಲೆದೋರುತ್ತದೆ.

ತಪ್ಪು ಅಪರೂಪವಾದುದರಿಂದ ಅದು ಚಿಕ್ಕದೆಂದು ಬಗೆಯುವುದು ಅಪಾಯಕರ. ಅಪರೂಪದ ತಪ್ಪನ್ನು ಬೇಗನೆ ಬರಮಾಡಿಕೊಂಡು ತಿದ್ದುವುದೇ ಜಾಣತನ. ನಾಳೆ ಯಂತ್ರಗಳಿಗೆ ಆದೇಶ ಬರೆಯಲಿರುವ ನಮ್ಮ ವಿದ್ಯಾರ್ಥಿಗಳು ಈ ಪದ್ಧತಿಯನ್ನು ಇಂದೇ ರೂಢಿಸಿಕೊಳ್ಳಲೆಂದು ನಾವು ಹಾರೈಸುತ್ತೇವೆ.