ಹುಡುಗನ ಪಗಾರ ಯಾವ ಬಾಬತ್ತಿಗೆ?

ನಮ್ಮ ಬಸವನ ಬಾಗೇವಾಡಿಯಲ್ಲಿ ಮನೆ ಕಟ್ಟಿಸುವವರು ಎಷ್ಟೇ ಜುಗ್ಗರಿರಲಿ, ವಾರದ ಬಟವಾಡೆ ತಪ್ಪಿಸುವಂತಿಲ್ಲ. ಗೌಂಡಿಗೆ ಗೌಂಡಿಯ ಪಗಾರ, ಹೆಣ್ಣಾಳಿಗೆ ಅವಳದು. ಓಳಂಬ ಹಿಡಿಯಲೂ ಬಾರದೆ ಬರೀ ಪುಟ್ಟಿ ಹೊರುವ ಹೊಸ ಹುಡುಗನಿಗೂ ಅವನ ಪಾಲಿನದು ಕೈಗೆ ಬರುತ್ತದೆ. 'ನೀ ಇನ್ನೂ ಕಲಿಯಾಂವ, ನಿನಗೆಂಥಾ ಪಗಾರ?' ಎಂದು ಯಾವ ಗೌಂಡಿಯೂ ಕೇಳಿದ್ದನ್ನು ನನ್ನ ಮೂವತ್ತು ವರ್ಷಗಳ ಜೂನಿಯರ್ ಇಂಜಿನಿಯರಿಕೆಯಲ್ಲಿ ನಾನು ಕಂಡಿಲ್ಲ. ಹಾಗೆ ಕೇಳುವ ಧೈರ್ಯ ಬರುವುದು ಕೋಟಿಗಟ್ಟಲೆ ಟೆಂಡರು ಹಿಡಿದವರಿಗೆ. ಅದೂ ಸಿವಿಲ್ ಓದುವ ಹುಡುಗರ ಮುಂದೆ.

ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಒಳ್ಳೆಯದೇ ಆಯಿತು. ಸಿಮೆಂಟಿನ ಚೀಲ ಮುಟ್ಟದೆ ಇಂಜಿನಿಯರಾಗುವ ಕಾಲ ಹೋಗಲಿ. ಆದರೆ ಕಡ್ಡಾಯ ಮಾಡಿದವರು ಹುಡುಗ ಉಣ್ಣುವುದೆಲ್ಲಿ, ಬಸ್ಸಿಗೆ ಕೊಡುವುದೇನು ಎಂದು ಕೇಳಲಿಲ್ಲ. ನಮ್ಮ ಓಣಿಯ ಒಬ್ಬ ಹುಡುಗ ವಿಜಯಪುರದ ಹತ್ತಿರ ಒಂದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಹೋಗಲು 40 ಕಿಲೋಮೀಟರಿಗೂ ಮೇಲೆ, ಬರಲು ಅಷ್ಟೇ. ಮೊದಲ ವಾರ ಸುಮ್ಮನೆ ನಿಂತ, ನಿಜ. ಎರಡನೆಯ ವಾರದಿಂದ ಹಾಜರಿ ಬರೆದ, ಬಂದ ಕಬ್ಬಿಣ ಎಣಿಸಿದ, ಕಾಂಕ್ರೀಟಿನ ಕ್ಯೂಬು ತುಂಬಿ ಏಳು ದಿನದ್ದು, ಇಪ್ಪತ್ತೆಂಟು ದಿನದ್ದು ಎಂದು ಚೀಟಿ ಹಚ್ಚಿದ. ಸೂಪರ್‌ವೈಸರ್ ಊಟಕ್ಕೆ ಹೋದರೆ ಸೆಂಟ್ರಿಂಗಿನ ಮೇಲೆ ಇವನದೇ ಕಾವಲು. ಇದೆಲ್ಲ ಪಗಾರದ ಕೆಲಸವಲ್ಲದೆ ಮತ್ತೇನು? ಕೊನೆಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟು. ಅದಕ್ಕೂ ನಾಲ್ಕು ಸಲ ಅಲೆಸಿದರು.

ಇದಕ್ಕಿಂತ ಕೆಟ್ಟದ್ದೂ ಉಂಟು. ರೊಕ್ಕ ಕೊಟ್ಟರೆ ಸೈಟಿಗೆ ಕಾಲಿಡದೆಯೇ ಸರ್ಟಿಫಿಕೇಟು ಬರುತ್ತದೆ. ದುಡಿದವನಿಗೂ ದುಡ್ಡಿಲ್ಲ, ದುಡಿಯದವನೇ ದುಡ್ಡು ಕೊಡುವುದು! ಇಂಥ ಹಾಳೆ ಹಿಡಿದು ಬಂದವನು ನಾಳೆ ನಮ್ಮ ಎರೆಮಣ್ಣಿನಲ್ಲಿ ಬುನಾದಿ ಹಾಕಿಸುತ್ತಾನೆ. ಎರೆ ಎಂದರೆ ಏನೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಗಟ್ಟಿ ಗರಸು ಸಿಗುವವರೆಗೆ ಇಳಿಯದೆ ಗೋಡೆ ಎಬ್ಬಿಸಿದರೆ ಮೂರು ವರ್ಷದಲ್ಲಿ ಗೋಡೆಯೂ ಬಿರುಕು ಬಿಡುತ್ತದೆ. ಪುಸ್ತಕದಲ್ಲಿ ಇದು ಅರ್ಧ ಪುಟದ ಮಾತು. ತಗ್ಗಿನಲ್ಲಿ ಇಳಿದು ನಿಂತವನಿಗೆ ಮಾತ್ರ ಅದು ಜನ್ಮಪೂರ್ತಿ ನೆನಪಿರುತ್ತದೆ.

ಗುತ್ತಿಗೆದಾರರ ವಾದ ನನಗೆ ಗೊತ್ತಿದೆ. 'ಕೆಲಸಾನೂ ಕಲಸಬೇಕು, ಮ್ಯಾಲೆ ರೊಕ್ಕಾನೂ ಕೊಡಬೇಕೇನ್ರಿ ಸಾಹೇಬ್ರ?' ಹೌದು, ಕೊಡಬೇಕು. ಇದು ನನ್ನ ಮನೆಯ ಕಾನೂನಲ್ಲ. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ; 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವಿ, ಡಿಪ್ಲೊಮಾ ಆದವರೂ ಅದರೊಳಗೆ ಬಂದರು. 2019ರ ನಿಯಮ ತಿಂಗಳಿಗೆ ಕನಿಷ್ಠ ಪದವೀಧರನಿಗೆ 9,000, ಡಿಪ್ಲೊಮಾದವನಿಗೆ 8,000 ರೂಪಾಯಿ ಎಂದು ಗೊತ್ತುಪಡಿಸಿತು. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು ಎಂದಿತು. ಕಲಿಯುವವನಿಗೂ ಹೊಟ್ಟೆಯಿದೆ ಎಂದು ಸರಕಾರವೇ ಒಪ್ಪಿಕೊಂಡಂತಾಯಿತಲ್ಲ! ಆದರೆ ಕಾಲೇಜಿನ ಪತ್ರ ಹಿಡಿದು ಬರುವ ಹುಡುಗ ಅಪ್ರೆಂಟಿಸ್ ಕರಾರಿಗೆ ಸಹಿ ಹಾಕಿರುವುದಿಲ್ಲ. ಅದೇ ಕಿಂಡಿಯಲ್ಲಿ ಎಲ್ಲರೂ ನುಸುಳುತ್ತಾರೆ.

ಇನ್ನು ಕೆಲವರು ಬಸವಣ್ಣನವರ ಹೆಸರು ತೆಗೆಯುತ್ತಾರೆ. 'ಬಸವಣ್ಣ ಹುಟ್ಟಿದ ಊರಿನವ ನೀನು, ಕಾಯಕ ಮಾಡು, ರೊಕ್ಕ ಕೇಳಬ್ಯಾಡ' ಎಂದು ಒಬ್ಬ ಮಹಾಶಯರು ಆ ಹುಡುಗನಿಗೆ ಉಪದೇಶ ಮಾಡಿದರಂತೆ. ಕೇಳಿ ನನಗೆ ಮೈ ಉರಿಯಿತು. ಕಾಯಕವೆಂದರೆ ಬಿಟ್ಟಿ ಚಾಕರಿ ಎಂದು ಶರಣರು ಯಾವಾಗ ಹೇಳಿದರು? ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಅಧಿಕಾರದ ಕೆಲಸ ಮಾಡಿದವರು. ದುಡಿದು ಬಂದದ್ದರಲ್ಲಿ ದಾಸೋಹ ಎಂಬುದು ಶರಣರ ಲೆಕ್ಕ. ಬರುವುದೇ ಇಲ್ಲವಾದರೆ ಹುಡುಗ ದಾಸೋಹ ಮಾಡುವುದು ಯಾತರಲ್ಲಿ? ಉಪದೇಶ ಮಾಡಿದವರು ತಮ್ಮ ಬಿಲ್ಲು ಒಂದು ತಿಂಗಳು ತಡವಾದರೆ ಇಲಾಖೆಯ ಬಾಗಿಲಲ್ಲಿ ಕೂಡುವವರು.

ನಮ್ಮ ಸೀಮೆಯಲ್ಲಿ ಕಟ್ಟುವ ಕೆಲಸಕ್ಕೆ ಬರವಿಲ್ಲ. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು, ಮುಗಿಯಲು 2005 ಬಂತು. ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಎದ್ದು ನಿಂತಿತು. ಕಾಲುವೆ, ರಸ್ತೆ, ಪುನರ್ವಸತಿ ಕೇಂದ್ರಗಳ ಮನೆಗಳು ಎಣಿಕೆಗೆ ಸಿಗವು. ಇಷ್ಟೆಲ್ಲ ನಡೆದ ನೆಲದಲ್ಲಿ ನಮ್ಮದೇ ಹುಡುಗ ಕೈಯಿಂದ ಖರ್ಚು ಮಾಡಿ ದುಡಿಯಬೇಕೆ? ಹೀಗಾದರೆ ಅಪ್ಪನ ಹತ್ತಿರ ರೊಕ್ಕ ಇದ್ದವನು ಮಾತ್ರ ಒಳ್ಳೆಯ ಸೈಟಿಗೆ ಹೋಗುತ್ತಾನೆ. ಒಣಬೇಸಾಯದವನ ಮಗ ಹತ್ತಿರದಲ್ಲೆಲ್ಲೋ ಒಂದು ಸಹಿ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಹುಡುಗಿಯರ ಮಾತು ಕೇಳಲೇಬೇಡಿ. ರಾತ್ರಿ ಬಸ್ಸಿಗೆ ಕಾಯುವ ಬದಲು ರೂಮು ಹಿಡಿಯೋಣವೆಂದರೆ ಅದಕ್ಕೂ ಅಪ್ಪನ ಜೇಬೇ ಗತಿ.

ಖರ್ಚಿನ ಮಾತು ಎತ್ತುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಆ 8,000ವನ್ನೇ ಹಿಡಿದರೆ ನಾಲ್ಕು ತಿಂಗಳಿಗೆ 32,000. ಒಂದು ಕೋಟಿಯ ಕೆಲಸದಲ್ಲಿ ಇದು ನೂರಕ್ಕೆ ಮೂರನೆಯ ಒಂದು ಪಾಲೂ ಅಲ್ಲ. ಒಂದು ಕಾಲಮ್ಮು ಓಳಂಬ ತಪ್ಪಿ, ಒಡೆದು ಮತ್ತೆ ಹಾಕಿದರೆ ಎಷ್ಟಾಗುತ್ತದೆಂದು ಗುತ್ತಿಗೆದಾರರಿಗೆ ನಾನು ಹೇಳಿಕೊಡಬೇಕಿಲ್ಲ.

ಮೊನ್ನೆ ಹಳೆಯ ಪರಿಚಯದ ಗುತ್ತಿಗೆದಾರರೊಬ್ಬರು ಇದನ್ನೆಲ್ಲ ಕೇಳಿ, 'ಎಸ್ಟಿಮೇಟಿನ್ಯಾಗ ಇದ್ರ ಕೊಡ್ತೀವ್ರಿ, ಇಲ್ಲದ್ದು ಎಲ್ಲಿಂದ ತರೋಣು?' ಎಂದರು. ಆ ಮಾತನ್ನು ನಾನು ಒಪ್ಪುತ್ತೇನೆ. ಇಲಾಖೆಯ ದರಪಟ್ಟಿಯಲ್ಲಿ ಗೌಂಡಿಗೆ ದರವಿದೆ, ಬಡಿಗನಿಗಿದೆ, ಹೆಣ್ಣಾಳಿಗಿದೆ. ಅದೇ ಪಟ್ಟಿಯಲ್ಲಿ, ಅವರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಕಲಿಯಲು ಬಂದ ವಿದ್ಯಾರ್ಥಿ, ಒಬ್ಬ, ತಿಂಗಳಿಗೆ ಇಷ್ಟು. ಆ ಪಗಾರ ಪಟ್ಟಿಗೆ ಹುಡುಗನ ಸಹಿ ಇಲ್ಲದೆ ಕೊನೆಯ ಬಿಲ್ಲು ಪಾಸು ಮಾಡಬೇಡಿ.